ಸಸಿಕಟ್ಟು ಎಸೆದವರು ಯಾರು

ವಿರೂಪಾಪುರಗಡ್ಡೆ,
ಗಂಗಾವತಿ ತಾಲೂಕು
ಗುರುವಾರ, 21 ಆಗಸ್ಟ್ 2025

ಮುದ್ದಿನ ಮೊಮ್ಮಗಳು ಅನುಷಾಗೆ, ನಿನ್ನ ಅವ್ವನನ್ನು ಹೆತ್ತ ಆಯಿ ಹಂಪವ್ವ ಮಾಡುವ ಆಶೀರ್ವಾದಗಳು.

ಹುಬ್ಬಳ್ಳಿಯಲ್ಲಿ ಆರಾಮಿದ್ದೀಯೆಂದು ತಿಳಿದಿದ್ದೇನೆ. ಕೆಮ್ಮು ಹೋಯಿತೋ ಇಲ್ಲವೋ ಬರೆ. ಇಡೀ ದಿನ ತಂಪು ಗಾಳಿಯ ಮಷಿನ್ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಮದುವೆ ಆಲ್ಬಮ್ ತಿದ್ದುತ್ತಿದ್ದರೆ ಕೆಮ್ಮು ಬರದೆ ಇನ್ನೇನು ಬರುತ್ತದೆ. ಹೋದ ತಿಂಗಳು ಕೊಟ್ಟು ಕಳಿಸಿದ ಶೇಂಗಾ ಚಟ್ನಿ ಮುಗಿದಿರಬೇಕು. ರೂಮಿನ ಹುಡುಗಿಯರಿಗೆ ಹಂಚಿ ಖಾಲಿ ಮಾಡಿರುತ್ತೀ, ಗೊತ್ತು. ಹಂಚು, ಬೇಡ ಅನ್ನುವುದಿಲ್ಲ, ಆದರೆ ಮೊದಲು ನೀನು ತಿನ್ನು. ನನ್ನ ಮಂಡಿ ಹಾಗೇ ಇದೆ. ಬೆಳಿಗ್ಗೆ ಏಳುವಾಗ ಬೈಯುತ್ತದೆ, ಕೆಸರಿಗೆ ಇಳಿದರೆ ಸುಮ್ಮನಾಗುತ್ತದೆ. ಈ ಸಲ ಹೊಳೆಗೆ ನೀರು ಚೆನ್ನಾಗಿ ಬಂದಿದೆ. ನೆಲ್ಲು ಹಚ್ಚುವ ಕೆಲಸ ಇನ್ನು ನಾಲ್ಕೈದು ಗದ್ದೆ ಉಳಿದಿದೆ, ಅಷ್ಟೆ.

ಫೋನ್ ಇರುವಾಗ ಮುದುಕಿ ಪತ್ರ ಬರೆದಿದ್ದಾಳೆಂದು ನಗಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ‘ಆಯಿ, ನಿನಗ ತಿಳಿಯಂಗಿಲ್ಲ ಬಿಡು’ ಎಂದು ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ. ನಾನು ಓದಿದ್ದು ಮೂರನೇ ಇಯತ್ತೆ, ಅದೂ ನಾಟಿ ದಿನ ಬಿಟ್ಟು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದು. ಅಕ್ಷರ ತಿದ್ದು, ಮಾತು ತಿದ್ದಬೇಡ.

ಮಾತು ಇಷ್ಟೇ. ಮೂವತ್ತೊಂದನೇ ತಾರೀಕು ಭಾನುವಾರ ಕೊಪ್ಪಳದಲ್ಲಿ ನಿನಗೆ ಬಹುಮಾನ ಕೊಡುವ ಸಭೆಗೆ ನಾನು ಬರುವುದಿಲ್ಲ. ಇಳಕಲ್ ಸೀರೆ ಉಟ್ಟು ಬಾ, ವೇದಿಕೆಯ ಮೇಲೆ ನಿನಗೂ ಶಾಲು ಹೊದಿಸುತ್ತಾರೆ ಅಂದೆಯಲ್ಲ, ಆ ಶಾಲು ನನಗೆ ಬೇಡ. ನಿನ್ನ ನಾಟಿಯ ಫೋಟೋದಲ್ಲಿ ನಮ್ಮ ಗುಂಪಿನ ಹಮೀದಾಬಿಯನ್ನು ನೀನು ಎಲ್ಲಿಂದ ತೆಗೆದೆಯೋ ಅಲ್ಲಿಗೆ ತಂದು ನಿಲ್ಲಿಸುವ ತನಕ ನಾನು ಆ ಫೋಟೋದ ಮುಂದೆ ನಿಲ್ಲುವವಳಲ್ಲ. ಕುಷ್ಟಗಿಯಿಂದ ನಿನ್ನ ಅವ್ವ ಅನುಸೂಯಾ ಫೋನ್ ಮಾಡಿ, ‘ಎವ್ವಾ, ನನ್ನ ಮಗಳ ಬಹುಮಾನಕ್ಕ ನೀನ ಕಲ್ಲು ಹಾಕಬ್ಯಾಡ. ಅಕಿ ಇನ್ನೊಬ್ಬರ ಕ್ಯಾಮೆರಾ ಇಸಕೊಂಡು ಎಷ್ಟ ದಿನಾ ದುಡೀಬೇಕು’ ಎಂದು ಅತ್ತಳು. ಬಹುಮಾನವೆಂದರೆ ದೊಡ್ಡ ಕ್ಯಾಮೆರಾ, ಅದು ಸಿಕ್ಕರೆ ಗಂಗಾವತಿಯಲ್ಲಿ ಸ್ವಂತ ಸ್ಟುಡಿಯೋ ಇಡುತ್ತೀ, ಎಲ್ಲ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆ ದಿನ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಹೋದ ಭಾನುವಾರ ನಮ್ಮ ನಾಟಿ ಗುಂಪಿನ ಒಂಬತ್ತೂ ಮಂದಿ ಟಂಟಂ ಮಾಡಿಕೊಂಡು ಕೊಪ್ಪಳಕ್ಕೆ ನಿನ್ನ ಫೋಟೋ ನೋಡಲು ಹೋದೆವು. ಹಮೀದಾಬಿ ರಂಜಾನಿಗೆ ತಂದ ಹಸಿರು ಸೀರೆ ಉಟ್ಟಿದ್ದಳು. ಎಲ್ಲರಿಗೂ ಸಾಲುವಷ್ಟು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡಿದ್ದಳು. ಮುನಿರಾಬಾದ್ ದಾಟುವ ತನಕ ಹೊಳಿಯಮ್ಮನದೇ ಮಾತು. ನಮ್ಮ ಗುಂಪಿನಲ್ಲಿ ಅವಳ ವಯಸ್ಸು ಎಲ್ಲರಿಗಿಂತ ಸಣ್ಣದು, ಬಾಯಿ ಎಲ್ಲರಿಗಿಂತ ದೊಡ್ಡದು. ‘ನಮ್ಮ ಮಾರಿ ಕೆಳಗ ಅದಾವ, ಬೆನ್ನಷ್ಟ ಕಾಣತಾವಂತ. ಸಾಹೇಬರೆಲ್ಲ ನಮ್ಮ ಬೆನ್ನಿಗೆ ಬಹುಮಾನ ಕೊಡಾಕತ್ಯಾರ’ ಎಂದು ನಗಿಸಿದ್ದೇ ನಗಿಸಿದ್ದು.

ಪ್ರದರ್ಶನದ ಹಾಲಿನೊಳಗೆ ಹೋದರೆ ಗೋಡೆಯ ತುಂಬ ನಾವೇ. ಕೆಳಗೆ ‘ಭೂಮಿಗೆ ಬಾಗಿದವರು’ ಎಂದು ನಿನ್ನ ಹೆಸರಿನ ಜೊತೆ ಬರೆದಿದ್ದರು. ನಿಜ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ಮುಖ ಕಾಣದಿದ್ದರೂ ಒಬ್ಬೊಬ್ಬಳೂ ತನ್ನ ಸೊಂಟ, ತನ್ನ ಸೀರೆಯ ಕಚ್ಚೆ ನೋಡಿ ಗುರುತು ಹಿಡಿದಳು. ಇದು ನಾನು, ಅದು ನೀನು, ಅದರಾಚೆ ಹೊಳಿಯಮ್ಮ. ಎಂಟು ಬೆನ್ನು. ಹಮೀದಾಬಿ ಸೆರಗಿನಿಂದ ಚಾಳೀಸು ಒರೆಸಿ ಹಾಕಿಕೊಂಡು, ತನ್ನ ಸರದಿ ಬರಲಿ ಎಂದು ಕಾಯುವವರ ಹಾಗೆ ಸುಮ್ಮನೆ ನಿಂತಿದ್ದಳು. ನಾಟಿಯ ದಿನ ಅವಳು ನಿಂತಿದ್ದ ಬದುವಿನ ಮೇಲೆ ಫೋಟೋದಲ್ಲಿ ಬರೀ ಹುಲ್ಲಿತ್ತು. ಎಷ್ಟು ಚೆನ್ನಾಗಿ ಹುಲ್ಲು ಬೆಳೆಸಿದ್ದೀಯೆಂದರೆ ಎರಡು ಎಮ್ಮೆ ಮೇಯಿಸಬಹುದು. ಅಷ್ಟರಲ್ಲಿ ಹೊಳಿಯಮ್ಮ ಫೋಟೋದ ಬಲಗಡೆ ಬೆರಳಿಟ್ಟು, ‘ಅಯ್ಯ, ಇಲ್ನೋಡ್ರಬೇ, ಸಸಿಕಟ್ಟು ತಾನ ಹಾರಿ ಬರಾಕತ್ತೈತಿ. ಯಾರ ಒಗದ್ರು ಇದನ್ನ, ಮಳಿರಾಯನೇನು’ ಎಂದಳು. ನೀರಿನ ಮೇಲೆ ಎರಡು ಮೊಳ ಎತ್ತರದಲ್ಲಿ, ಬೇರಿನಿಂದ ಹನಿ ಸುರಿಸುತ್ತ, ಒಂದು ಸಸಿಕಟ್ಟು ಗಾಳಿಯಲ್ಲಿತ್ತು. ಎಸೆದವಳನ್ನು ಅಳಿಸಿ ಎಸೆದದ್ದನ್ನು ಬಿಟ್ಟಿದ್ದೆ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಹಮೀದಾಬಿಯ ಕಡೆ ನೋಡಿದೆ.

ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ‘ಫೋಟೋ ಛಲೋ ಬಂದೈತಿ. ಹುಡುಗಿ ಕೈ ಛಲೋ ಐತಿ’ ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಎಲ್ಲರಿಗೂ ಬಡಿಸಿದಳು, ತಾನು ಮಾತ್ರ ಹಸಿವಿಲ್ಲ ಅಂದಳು. ಬರುವಾಗ ಡ್ರೈವರನ ಪಕ್ಕ ಕೂತಳು. ಮರುದಿನ ಗದ್ದೆಗೆ ಬರಲಿಲ್ಲ. ಮಂಡಿ ನೋವು ಅಂತ ಸೊಸೆಯ ಕೈಲಿ ಹೇಳಿ ಕಳಿಸಿದ್ದಳು. ನಲವತ್ತು ವರ್ಷದಲ್ಲಿ ಅವಳು ಹೇಳಿ ಕಳಿಸಿದ್ದು ಅದೇ ಮೊದಲು. ನೋವಿದ್ದರೆ ತಾನೇ ಬಂದು ನೋವಿನ ಸಮೇತ ಕೆಲಸ ಮಾಡುವ ಹೆಂಗಸು.

ನೀನು ನಮ್ಮ ಹೊಟ್ಟೆಯಿಂದ ಬಂದವಳು, ನಿನಗೆ ನಾಟಿಯ ಕೆಲಸ ಹೇಳಿಕೊಡುವ ಗತಿ ನನಗೆ ಬಂತಲ್ಲ. ಆದರೂ ಹೇಳುತ್ತೇನೆ. ಮೂರು ವರ್ಷದ ಹಿಂದೆ ಬದುವಿನ ಮೇಲಿಂದ ಜಾರಿ ಹಮೀದಾಬಿಯ ಸೊಂಟ ಹೋಯಿತು. ಬಾಗಲು ಆಗದವಳನ್ನು ಗುಂಪಿನಿಂದ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅವಳಿಗೆ ಬದುವಿನ ಕೆಲಸ ಕೊಡುತ್ತೇವೆ, ಕೂಲಿ ಎಲ್ಲರ ಸಮ. ಅವಳು ನಿಂತು ಸಸಿಕಟ್ಟು ಎಸೆಯಬೇಕು. ಅದು ಸುಲಭ ಅಂದುಕೊಂಡೆಯೇನು. ನಾವು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹಚ್ಚುತ್ತೇವೆ. ಕೈಯಲ್ಲಿನ ಸಸಿ ಮುಗಿಯುವ ಹೊತ್ತಿಗೆ, ಸೊಂಟ ಎತ್ತದೆ ಕೈ ಚಾಚಿದರೆ ಸಿಗುವ ಹಾಗೆ, ಮುಂದಿನ ಕಟ್ಟು ಪಕ್ಕದಲ್ಲಿ ಬಂದು ಬೀಳಬೇಕು. ಹಿಂದೆ ಬಿದ್ದರೆ ತುಳಿಯುತ್ತೇವೆ, ದೂರ ಬಿದ್ದರೆ ಎದ್ದು ಹೋಗಬೇಕು, ಎದ್ದರೆ ಸಾಲು ಸೊಟ್ಟಾಗುತ್ತದೆ. ಯಾರ ಕೈ ಎಷ್ಟು ಜೋರು, ಯಾರದು ಯಾವಾಗ ಮುಗಿಯುತ್ತದೆ, ಎಂಟೂ ಜನರ ಲೆಕ್ಕ ಅವಳ ಕಣ್ಣಲ್ಲಿರುತ್ತದೆ. ಅವಳು ನೆಟ್ಟಗೆ ನಿಂತಿರುವುದರಿಂದಲೇ ನಾವು ಹಾಗೆ ಒಂದೇ ಸಾಲಾಗಿ ಬಾಗಿರುವುದು. ನಿನಗೆ ಚಂದ ಕಂಡದ್ದು ಆ ಸಾಲು. ಆ ಸಾಲು ಕಟ್ಟಿದವಳನ್ನೇ ನೀನು ತೆಗೆದೆ. ಕೊಪ್ಪಳದ ಸಾಹೇಬರಿಗೆ ಅದು ಕಾಣದಿರಬಹುದು. ಒಂದು ದಿನ ಕೆಸರಿಗೆ ಇಳಿದ ಯಾವ ಹೆಂಗಸು ನೋಡಿದರೂ, ಇವರಿಗೆ ಸಸಿ ಕೊಡುವವರು ಎಲ್ಲಿ ಎಂದು ಮೊದಲು ಕೇಳುತ್ತಾಳೆ.

ಫೋನಿನಲ್ಲಿ ಕೇಳಿದ್ದಕ್ಕೆ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. ‘ಎಲ್ಲರೂ ಎಡಿಟ್ ಮಾಡ್ತಾರ ಆಯಿ. ಎಂಟೂ ಮಂದಿ ಬಾಗಿರುವಾಗ ಒಬ್ಬಾಕಿ ಕೋಲಿನಂಗ ನಿಂತ್ರ ಕಣ್ಣು ಅಲ್ಲಿಗೇ ಹೋಗತೈತಿ, ಫೋಟೋ ಕೆಡತೈತಿ.’ ಕಣ್ಣು ಅವಳ ಕಡೆ ಹೋದರೆ ಏನು ಗಂಟು ಹೋಗುತ್ತಿತ್ತು ಹೇಳು. ನಮ್ಮ ಕಣ್ಣು ದಿನಾ ಅವಳ ಕಡೆಗೇ ಹೋಗುತ್ತದೆ. ಕ್ಯಾಮೆರಾ ನಮ್ಮ ಕಣ್ಣಿನಷ್ಟು ಚುರುಕಲ್ಲ, ಬಿಸಿಲಿದ್ದರೆ ನೆರಳು ಕಪ್ಪಾಗಿ ಬರುತ್ತದೆ, ಅದಕ್ಕೆ ತಿದ್ದಬೇಕಾಗುತ್ತದೆ ಅಂದೆ. ಒಪ್ಪಿದೆ. ನನ್ನ ಮೇಲೆ ಬಿದ್ದ ಕಪ್ಪು ನೆರಳನ್ನು ತಿಳಿ ಮಾಡಿದ್ದೀ, ಅದಕ್ಕೆ ನಾನೇನೂ ಅನ್ನಲಿಲ್ಲ. ಸಸಿಗೆ ಬಳಿದ ಹಸಿರಿಗೂ ಸುಮ್ಮನಿದ್ದೆ. ಆಗ ತಾನೇ ಕಿತ್ತ ಸಸಿಯ ತುದಿ ಹಳದಿ ಇರುತ್ತದೆ. ನಿನ್ನ ಫೋಟೋದ ಸಸಿ ನೋಡಿದರೆ ಯಾರೋ ಯೂರಿಯಾ ಚೀಲವನ್ನೇ ಸುರಿದ ಹಾಗಿದೆ. ಹೋಗಲಿ, ಹೆಣ್ಣು ತೋರಿಸುವಾಗ ಒಂದಿಷ್ಟು ಪೌಡರ್ ಹಚ್ಚುವುದಿಲ್ಲವೇ. ಕಾಲು ತೊಳೆದು ಒಳಗೆ ಬಾ ಅಂದರೆ ತೊಳೆಯೋಣ. ತೊಳೆಯುವುದು ಬೇರೆ, ಕಾಲನ್ನೇ ಕಡಿದು ಹೊರಗೆ ಬಿಟ್ಟು ಬರುವುದು ಬೇರೆ. ಅವಳು ಫೋಟೋದ ಮೇಲೆ ಬಿದ್ದ ಕಲೆ ಅಲ್ಲ. ನೀನು ಒಂದೂವರೆ ವರ್ಷದವಳಿದ್ದಾಗ ನಿನ್ನ ಅವ್ವ ಟೈಫಾಯಿಡ್ ಬಂದು ಮಲಗಿದಳು. ಹನ್ನೆರಡು ದಿನ ನಿನ್ನನ್ನು ಬಗಲಲ್ಲಿ ಕಟ್ಟಿಕೊಂಡು ತಿರುಗಿದವಳು ಅವಳು. ‘ಹಮೀದಾ ಆಯಿ’ ಎಂದು ಕರೆಯಲು ನಿನಗೆ ಯಾರೂ ಕಲಿಸಲಿಲ್ಲ, ನೀನೇ ಕಲಿತೆ.

ಮಂಗಳವಾರ ಸಂಜೆ ಅವಳ ಮನೆಗೆ ಹೋದೆ. ಚಹಾ ಕೊಟ್ಟಳು. ಆಡಿನ ಮರಿಯ ಮಾತಾಡಿದಳು, ಮಳೆಯ ಮಾತಾಡಿದಳು, ಹುಲಿಹೈದರದಲ್ಲಿರುವ ಮಗಳ ಮಾತಾಡಿದಳು. ಫೋಟೋದ ಮಾತು ಮಾತ್ರ ಬರಲಿಲ್ಲ. ನಾನೇ ತೆಗೆದೆ. ‘ನಾ ಬಾಗಿದಾಕಿ ಅಲ್ಲಲ್ಲ ಹಂಪಕ್ಕಾ, ಭೂಮಿಗೆ ಬಾಗಿದವರು ಅಂತ ಹೆಸರಿಟ್ಟಾಳ. ಕೂಡಂಗಿಲ್ಲಂತ ತಗದಿರಬೇಕು’ ಎಂದಳು. ನಿನ್ನ ಪರವಾಗಿ ಅವಳೇ ವಕೀಲಿ ಮಾಡಿದಳು. ಅಷ್ಟರಲ್ಲಿ ಸೊಸೆ ಅತೀಯಾ ಒಳಗಿನಿಂದ, ‘ಎಲ್ಲಾ ಕಡಿ ನಮ್ಮ ಮಂದೀನ ತಗಿಯೂದ ನಡದೈತಿ, ಫೋಟೋದಾಗೂ ತಗದ್ರು. ಅದರಾಗ ಹೊಸಾದೇನೈತಿ’ ಅಂದಳು. ಹಮೀದಾಬಿ ಅವಳನ್ನು ಗದರಿಸಿ ಸುಮ್ಮನಾಗಿಸಿದಳು. ಗದರಿಸಿದ್ದು ನನಗಾಗಿ.

ನಿನ್ನ ಮನಸ್ಸಿನಲ್ಲಿ ಅಂಥದ್ದು ಇರಲಿಲ್ಲ, ನನಗೆ ಗೊತ್ತು. ನಿನ್ನ ಕಣ್ಣಿಗೆ ಗೆರೆ ಕಂಡಿತು, ಆ ಗೆರೆಗೆ ಅಡ್ಡ ಬಂದವಳನ್ನು ತೆಗೆದೆ. ಹೆಸರು ಜಾತಿ ಯಾವುದನ್ನೂ ನೋಡಲಿಲ್ಲ. ಆದರೆ ಅನುಷಾ, ಗೋಡೆಯ ಮೇಲೆ ಫೋಟೋ ಮಾತ್ರ ತೂಗುಹಾಕಿದ್ದಾರೆ, ಪಕ್ಕದಲ್ಲಿ ನಿನ್ನ ಮನಸ್ಸನ್ನು ತೂಗುಹಾಕಿಲ್ಲ. ಅತೀಯಾ ಏನು ನೋಡಿದಳೋ ಅದನ್ನೇ ಹೇಳಿದಳು. ಅವಳಿಗೆ ನಾನು ಏನೆಂದು ಉತ್ತರ ಕೊಡಲಿ? ಕಣ್ಣು ಅಡ್ಡ ಹೋಗುತ್ತಿತ್ತಂತೆ ಅನ್ನಲೇ?

ಇನ್ನೊಂದು ಮಾತು ಹೇಳದಿದ್ದರೆ ನಾನು ಸುಳ್ಳಿಯಾಗುತ್ತೇನೆ. ನಿನ್ನ ಅವ್ವನ ಮದುವೆಯ ದೊಡ್ಡ ಫೋಟೋ ಇದೆಯಲ್ಲ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ನಾನೊಬ್ಬಳೇ ಎಡಕ್ಕೆ ನೋಡುತ್ತಿರುವುದು. ಚಿಕ್ಕವಳಿದ್ದಾಗ ನೀನು ‘ಆಯಿ, ಎತ್ತಾಗ ನೋಡಾಕತ್ತಿ’ ಅಂತ ಕೇಳಿದ್ದೆ. ಕರು ಬಿಚ್ಚಿಕೊಂಡಿತ್ತು ಅಂದಿದ್ದೆ. ಕರುವೂ ಇಲ್ಲ, ಏನೂ ಇಲ್ಲ. ಆ ದಿನ ಹಮೀದಾಬಿ ಬೆಳಗಿನಿಂದ ಒಲೆಯ ಮುಂದಿದ್ದಳು, ಮದುಮಗಳಿಗೆ ಬಳೆ ಇಡಿಸಿದ್ದೂ ಅವಳೇ. ಫೋಟೋಕ್ಕೆಂದು ಎಲ್ಲರೂ ಕೂಡಿದಾಗ ನನ್ನ ಮಗ್ಗುಲಲ್ಲಿ ಬಂದು ನಿಂತಳು. ನನ್ನ ಭಾವ ಯಂಕೋಬ, ‘ರೀಲ್ ಮುಗಿಯಾಕ ಬಂದೈತಿ, ಮನಿಯವರಷ್ಟ ನಿಲ್ರಿ’ ಅಂದ. ಯಾರ ಹೆಸರೂ ಹೇಳಲಿಲ್ಲ. ಅವಳು ಅಕ್ಷತೆಯ ತಟ್ಟೆ ಹಿಡಿದುಕೊಂಡು ಎಡಕ್ಕೆ ಸರಿದಳು. ನಾನು ಅವಳನ್ನು ನೋಡಿದೆ, ಇರಲಿ ಬಿಡು ಎಂದು ಕಣ್ಣಲ್ಲೇ ಹೇಳಿದಳು. ಊರಿನಲ್ಲಿ ಎಲ್ಲರಿಗೂ ಎದುರು ಮಾತಾಡುವ ಹಂಪವ್ವ, ಭಾವನಿಗೆ ಎದುರಾಡಬಾರದೆಂದು ಬಾಯಿ ಹೊಲಿದುಕೊಂಡು ನಿಂತಳು. ಆಗ ಕಂಪ್ಯೂಟರ್ ಇರಲಿಲ್ಲ. ಒಂದು ಮಾತಿನಲ್ಲೇ ಎಡಿಟ್ ಮುಗಿಯುತ್ತಿತ್ತು. ಒಂದೇ ಮನೆಯವರು ಒಬ್ಬಳನ್ನೇ ಎರಡು ಸಲ ಅಳಿಸಿದರೆ ಮೂರನೇ ಸಲ ಅವಳು ನಮ್ಮ ಬಾಗಿಲಿಗೆ ಯಾಕೆ ಬರಬೇಕು ಹೇಳು.

ಅದಕ್ಕೇ ಈ ಸಲ ಸುಮ್ಮನಿರುವುದಿಲ್ಲ. ಹಾಲಿನ ಬಾಗಿಲ ಹತ್ತಿರ ಸ್ಪರ್ಧೆಯ ನಿಯಮ ಅಂಟಿಸಿದ್ದರು. ಉಳಿದವರು ಚಪ್ಪಲಿ ಹುಡುಕುತ್ತಿದ್ದಾಗ ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬೆಳಕು ಬಣ್ಣ ತಿದ್ದಬಹುದು, ಇದ್ದವರನ್ನು ತೆಗೆಯಬಾರದು, ಇಲ್ಲದವರನ್ನು ಸೇರಿಸಬಾರದು ಎಂದಿತ್ತು. ನಿಯಮ ಬರೆದವರು ನನಗಿಂತ ಹೆಚ್ಚು ಓದಿದವರು, ಆದರೂ ನನ್ನ ಮಾತನ್ನೇ ಬರೆದಿದ್ದಾರೆ. ನೀನು ಅದನ್ನು ಓದಿಯೇ ಸಹಿ ಮಾಡಿರಬೇಕು. ಆದ್ದರಿಂದ ನೀನೇ ಅವರಿಗೆ ಫೋನ್ ಮಾಡು. ತಪ್ಪಾಯಿತು, ನನ್ನ ಫೋಟೋದಲ್ಲಿ ಒಂಬತ್ತು ಜನ ಇದ್ದರು ಎನ್ನು. ಮೊದಲು ತೆಗೆದ ಫೋಟೋವನ್ನು ಹಾಗೇ ಕಳಿಸು. ಬಹುಮಾನ ಉಳಿದರೆ ಉಳಿಯಲಿ, ಹೋದರೆ ಹೋಗಲಿ. ಉಳಿದರೆ ಹಮೀದಾಬಿಯನ್ನೂ ಕರೆದುಕೊಂಡು ನಾನೇ ಮೊದಲ ಸಾಲಿನಲ್ಲಿ ಬಂದು ಕೂರುತ್ತೇನೆ, ಬೇಕಾದರೆ ಎರಡು ಶಾಲು ಹೊದಿಸು. ಹೋದರೆ ಇಸಕೊಂಡ ಕ್ಯಾಮೆರಾದಲ್ಲೇ ಇನ್ನೊಂದು ವರ್ಷ ದುಡಿ. ನಿನ್ನ ಕೈ ಚೆನ್ನಾಗಿದೆ ಅಂತ ಹಮೀದಾಬಿಯೇ ಹೇಳಿದ್ದಾಳೆ, ನನಗೆ ಅನುಮಾನವಿಲ್ಲ.

ಗಣಪತಿ ಹಬ್ಬಕ್ಕೆ ರಜೆ ಸಿಕ್ಕರೆ ಬಾ. ಕಡುಬು ಮಾಡುತ್ತೇನೆ. ರೂಮಿನ ಹುಡುಗಿಯರಿಗೆ ನನ್ನ ನೆನಪು ಹೇಳು. ದೇವರು ನಿನ್ನ ಕಣ್ಣು ಚುರುಕಾಗಿಡಲಿ, ಕಣ್ಣಿಗಿಂತ ಬುದ್ಧಿ ಒಂದು ಹೆಜ್ಜೆ ಮುಂದಿರಲಿ. ಬಿಸಿನೀರು ಕುಡಿ.

ನಿನ್ನ ಆಯಿ,
ಹಂಪವ್ವ

ತಾ.ಕ. ಶುಕ್ರವಾರ ಸಂಜೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಈ ಕಾಗದ ಕೊಡಲು ಹೋದರೆ ಪೋಸ್ಟಿನ ಹನುಮಣ್ಣ, ಹುಬ್ಬಳ್ಳಿಗೆ ಮುಟ್ಟಲು ಸೋಮವಾರ, ಮಂಗಳವಾರ ಆಗುತ್ತದೆ ಅಂದ. ಕೊಡದೆ ವಾಪಸು ತಂದೆ. ನಿನ್ನ ಫೋಟೋ ಹಾಕಿದ ಆಮಂತ್ರಣ ಪತ್ರಿಕೆ ನಾಳೆ ಶನಿವಾರವೇ ಅಚ್ಚಿಗೆ ಹೋಗುತ್ತದೆಂದು ನಿನ್ನ ಅವ್ವ ಹೇಳಿದ್ದಳು. ಅಚ್ಚಾಗಿ ಮನೆ ಮನೆಗೆ ಹಂಚಿದ ಮೇಲೆ ಯಾರನ್ನು ಎಲ್ಲಿಗೆ ಸೇರಿಸುವುದು. ನೀನೇ ಅವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೋ ಎಂದು ಮೇಲೆ ಬರೆದದ್ದು ನಿಜ, ಆದರೆ ಕಾಯಲು ಆಗಲಿಲ್ಲ. ಹೊಳಿಯಮ್ಮನನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋಗಿ ಬಂದೆ. ನೀನು ನಾಟಿಯ ದಿನವೇ ಅವಳ ಫೋನಿಗೆ ಕಳಿಸಿದ್ದ ಮೊದಲಿನ ಫೋಟೋ ಇತ್ತಲ್ಲ, ಒಂಬತ್ತು ಜನ ಇರುವುದು, ಅದನ್ನು ಅಲ್ಲಿಯ ಮರಿಸ್ವಾಮಿ ಎಂಬ ಕಾರ್ಯದರ್ಶಿಗೆ ತೋರಿಸಿದೆ. ಅವನು ಎರಡೂ ನೋಡಿ, ‘ಅಮ್ಮಾ, ಇದರಿಂದ ನಿಮ್ಮ ಮೊಮ್ಮಗಳಿಗೇ ನಷ್ಟ ಆಗತೈತ್ರಿ, ವಿಚಾರ ಮಾಡ್ರಿ’ ಅಂದ. ವಿಚಾರ ಮಾಡಿಯೇ ಬಂದೇನಿ, ಬರಕೋ ಅಂದೆ. ಬರೆದುಕೊಂಡ, ನಾನು ಸಹಿ ಮಾಡಿದೆ. ಈ ಕಾಗದಕ್ಕಿಂತ ಮೊದಲೇ ಅವನ ಫೋನ್ ನಿನಗೆ ಬಂದಿರುತ್ತದೆ. ಕ್ಯಾಮೆರಾ ಹೋಯಿತೆಂದು ನೀನು ನನ್ನನ್ನು ಬೈಯುತ್ತೀ. ಬೈ, ಹಕ್ಕಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡು. ಆ ಹೊತ್ತಿಗೆ ನಾನು ಹಮೀದಾಬಿಯ ಮನೆಯಲ್ಲಿರುತ್ತೇನೆ, ಅವಳೂ ಅತೀಯಾನೂ ಪಕ್ಕದಲ್ಲೇ ಇರುತ್ತಾರೆ. ಸೋಮವಾರ ಮುಟ್ಟುವ ಕಾಗದದಲ್ಲಿ ಈ ಭಾನುವಾರದ ಮಾತೇಕೆ ಎಂದೀಯಾ, ಅದಕ್ಕೇ ಹೊಳಿಯಮ್ಮನ ಕೈಲಿ ಭಾನುವಾರ ಫೋನ್ ಮಾಡು ಎಂಬ ಈ ಒಂದು ಸಾಲನ್ನು ಈಗಲೇ ನಿನ್ನ ಫೋನಿಗೂ ಕಳಿಸುತ್ತಿದ್ದೇನೆ. ಏನು ಬೈಯುವುದಿದ್ದರೂ ಅವರಿಬ್ಬರಿಗೂ ಕೇಳಿಸುವಷ್ಟು ಜೋರಾಗಿ ಬೈ.